ಒಂದು ಪ್ರವಾಸಕ್ಕೆ ಒಂದೇ ನದಿ: ಉತ್ತರ ಕನ್ನಡದ ಘಟ್ಟ ನೋಡುವ ಬಗೆ

ಉತ್ತರ ಕನ್ನಡಕ್ಕೆ ಬರುವವರು ಹೆಚ್ಚಾಗಿ ಒಂದು ಪಟ್ಟಿ ಹಿಡಿದೇ ಬರುತ್ತಾರೆ. ಜೋಗ, ಯಾಣ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ದಾಂಡೇಲಿ, ಗೋಕರ್ಣ, ಮುರ್ಡೇಶ್ವರ ಎಲ್ಲವೂ ಎರಡು ದಿನಗಳಲ್ಲಿ ಆಗಬೇಕು. ನಕ್ಷೆಯಲ್ಲಿ ನಲವತ್ತು ಕಿಲೋಮೀಟರ್ ಎಂದು ಕಾಣುವ ದಾರಿಗೆ ಘಟ್ಟದಲ್ಲಿ ಎರಡು ತಾಸು ಬೇಕಾಗುವುದುಂಟು. ಹಾಗಾಗಿ ದಿನದ ಬಹುಪಾಲು ಕಾರಿನೊಳಗೇ ಕಳೆದು, ಜಲಪಾತದ ಮುಂದೆ ಹತ್ತು ನಿಮಿಷ ನಿಂತು, ಫೋಟೊ ತೆಗೆದು ಹೊರಡುತ್ತಾರೆ. ಇಷ್ಟು ಚೆಲುವಾದ ನೆಲಕ್ಕೆ ಬಂದವರು ಹೀಗೆ ಓಡಿಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಶಿರಸಿಯ ನಮ್ಮ ಮನೆಗೆ ಬರುವ ನೆಂಟರಿಗೆ ನಾನು ಹೇಳುವುದು ಒಂದೇ ಮಾತು: ಒಂದು ಪ್ರವಾಸಕ್ಕೆ ಒಂದೇ ನದಿ ಆರಿಸಿಕೊಳ್ಳಿ. ಅದು ಹುಟ್ಟುವ ಘಟ್ಟದ ಮೇಲಿನಿಂದ ಕಡಲು ಸೇರುವ ಅಳಿವೆಯವರೆಗೆ ಜೊತೆಗೇ ಸಾಗಿರಿ. ಕಲ್ಲು, ಕಾಡು, ಜಲಪಾತ, ಊಟ, ಮಾತು ಎಲ್ಲವೂ ಆ ಒಂದೇ ದಾರಿಯಲ್ಲಿ ಸಿಗುತ್ತವೆ, ಮತ್ತು ಒಂದರ ಕಾರಣ ಇನ್ನೊಂದರಲ್ಲಿ ಕಾಣುತ್ತದೆ.

ಜಿಲ್ಲೆಯ ನಾಲ್ಕು ದೊಡ್ಡ ನದಿಗಳು ಉತ್ತರದಿಂದ ದಕ್ಷಿಣಕ್ಕೆ ಹೀಗಿವೆ: ಕಾಳಿ, ಗಂಗಾವಳಿ (ಘಟ್ಟದ ಮೇಲೆ ಇದೇ ಬೇಡ್ತಿ), ಅಘನಾಶಿನಿ, ಶರಾವತಿ. ನಾಲ್ಕೂ ಪಶ್ಚಿಮಕ್ಕೆ ಹರಿಯುತ್ತವೆ, ನಾಲ್ಕೂ ಘಟ್ಟದ ಅಂಚಿನಲ್ಲಿ ಧುಮುಕುತ್ತವೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಾಗ ನಮ್ಮ ಪಶ್ಚಿಮದ ಅಂಚು ಕಡಿದಾದ ಗೋಡೆಯಾಗಿ ಉಳಿಯಿತು. ಆ ಗೋಡೆಯನ್ನು ಮಳೆ ಮತ್ತು ನದಿಗಳು ಅಂದಿನಿಂದಲೂ ಹಿಂದಕ್ಕೆ ಕೊರೆಯುತ್ತ ಬಂದಿವೆ. ಹೀಗೆ ಕೊರೆಯುವ ಕೆಲಸ ಇನ್ನೂ ಮುಗಿಯದ ತಾಣಗಳೇ ನಾವು ಇಂದು ನೋಡುವ ಜಲಪಾತಗಳು.

ಮೊದಲು ತಿಂಗಳು ಗೊತ್ತುಮಾಡಿ

ಜಾಗಕ್ಕಿಂತ ಮೊದಲು ತಿಂಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದಲ್ಲಿ ಮಳೆ ಬಿಡುವು ಕೊಡುವುದಿಲ್ಲ. ಜಲಪಾತಗಳು ತುಂಬಿ ಹರಿಯುತ್ತವೆ ನಿಜ, ಆದರೆ ಮಂಜು ಮುಸುಕಿ ಎಷ್ಟೋ ಸಲ ಸದ್ದು ಮಾತ್ರ ಕೇಳುತ್ತದೆ. ರಸ್ತೆ ಯಾವಾಗ ಕುಸಿಯುತ್ತದೆ ಎಂದು ಹೇಳಲಾಗದು. ಮಳೆಯನ್ನೇ ನೋಡಬೇಕೆಂದರೆ ಒಂದು ತೋಟದ ಮನೆಯಲ್ಲಿ ಉಳಿದು, ಅಲ್ಲಿಂದ ನಡೆದು ಹೋಗಬಹುದಾದಷ್ಟನ್ನೇ ನೋಡಿ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಜಲಪಾತಗಳ ಕಾಲ. ನೀರು ಸಾಕಷ್ಟಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಯಾಣ, ಗುಹೆಗಳು, ಕಾಡಿನ ನಡಿಗೆ. ಶಿರಸಿ ಹತ್ತಿರದ ಸಹಸ್ರಲಿಂಗವನ್ನು ನೋಡುವವರು ಡಿಸೆಂಬರ್ ನಂತರ ಬರುವುದು ಒಳ್ಳೆಯದು. ಸೋಂದೆಯ ಅರಸರ ಕಾಲದಲ್ಲಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು, ನಂದಿಗಳು ನೀರು ಇಳಿದ ಮೇಲೆಯೇ ಪೂರ್ತಿ ಕಾಣುವುದು. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಸೆಕೆ ತಡೆಯಲಾಗದು, ಜಲಪಾತಗಳೂ ಬಡವಾಗಿರುತ್ತವೆ.

ಮೊದಲ ಸಲ ಬರುವವರಿಗೆ ಅಘನಾಶಿನಿ

ನನ್ನನ್ನು ಕೇಳಿದರೆ ಮೊದಲ ನದಿ ಅಘನಾಶಿನಿಯೇ. ಕಾರಣ ಸರಳ: ಇದಕ್ಕೆ ಅಣೆಕಟ್ಟೆ ಇಲ್ಲ. ನದಿಯೊಂದು ತನ್ನಿಷ್ಟದಂತೆ ಘಟ್ಟ ಇಳಿದು ಕಡಲು ಸೇರುವುದನ್ನು ಇಲ್ಲಿ ಮೂರು ದಿನಗಳಲ್ಲಿ ನೋಡಬಹುದು. ಇದರ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡ, ಇನ್ನೊಂದು ಮಂಜುಗುಣಿ.

ಮೊದಲ ದಿನ ಶಿರಸಿಯಲ್ಲಿ ಉಳಿದು ಉಂಚಳ್ಳಿಗೆ ಹೋಗಿ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಬಳಿ ಅಘನಾಶಿನಿ 116 ಮೀಟರ್ ಎತ್ತರದಿಂದ ಒಮ್ಮೆಗೇ ಧುಮುಕುತ್ತದೆ. ಕಿವಿಗಡಚಿಕ್ಕುವ ಸದ್ದಿನಿಂದಾಗಿ ಇದನ್ನು ಕೆಪ್ಪ ಜೋಗ ಎಂದೂ ಕರೆಯುತ್ತಾರೆ. ವಾಹನ ನಿಲ್ಲಿಸಿದ ಮೇಲೆ ಕಾಡಿನೊಳಗೆ ಸ್ವಲ್ಪ ನಡೆದು, ಮೆಟ್ಟಿಲಿಳಿದು ವೀಕ್ಷಣಾ ಗೋಪುರ ತಲುಪಬೇಕು. ಬೆಳಿಗ್ಗೆ ಬೇಗ ಹೋಗುವುದರಲ್ಲಿ ಅರ್ಥವಿದೆ, ಜನ ಕಡಿಮೆ ಇದ್ದಾಗ ಕಾಡಿನ ಸದ್ದು ಕೇಳುತ್ತದೆ. ಜಲಪಾತ ನೋಡಿ ಮುಗಿದ ಮೇಲೆ ಕಣ್ಣನ್ನು ಕೆಳಗಿನ ಕಣಿವೆಯ ಕಡೆ ಹರಿಸಿ. ನೀರು ಬೀಳುವ ಗೋಡೆಯಿಂದ ಮುಂದಕ್ಕೆ ಕಣಿವೆ ಹೇಗೆ ಇಕ್ಕಟ್ಟಾಗಿ ಕೊರೆದುಕೊಂಡು ಹೋಗಿದೆ ಎಂಬುದನ್ನು ಗಮನಿಸಿದರೆ, ಜಲಪಾತ ಕಾಲಕಾಲಕ್ಕೆ ಹಿಂದಕ್ಕೆ ಸರಿಯುತ್ತ ಬಂದಿರುವುದು ಯಾರೂ ವಿವರಿಸದೆಯೇ ತಿಳಿಯುತ್ತದೆ.

ಈ ಸುತ್ತಿನ ಕಾಡು ಸಿಂಗಳೀಕಗಳ ನೆಲೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಇದನ್ನೇ. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಎತ್ತರದ ಮರಗಳ ನೆತ್ತಿಯಲ್ಲಿ ಕೊಂಬೆ ಅಲುಗಿದರೆ ನಿಂತು ಕಾಯಿರಿ. ಸಿದ್ದಾಪುರ ತಾಲೂಕಿನಲ್ಲಿಯೇ ಕತ್ತಲೆಕಾನಿನ ಕಡೆ ರಾಮಪತ್ರೆ ಜಡ್ಡಿಗಳಿವೆ. ಸದಾ ನೀರು ನಿಲ್ಲುವ ಕೆಸರಿನಲ್ಲಿ ಬೆಳೆಯುವ ಈ ಮರಗಳ ಬೇರುಗಳು ಉಸಿರಾಟಕ್ಕಾಗಿ ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ಇಂಥ ಜಡ್ಡಿಗಳು ಪಶ್ಚಿಮ ಘಟ್ಟದಲ್ಲಿ ಈಗ ತುಣುಕು ತುಣುಕಾಗಿ ಮಾತ್ರ ಉಳಿದಿವೆ. ಕಾಡು ಬಲ್ಲ ಸ್ಥಳೀಯರೊಬ್ಬರ ಜೊತೆಯಲ್ಲೇ ಹೋಗಿ, ಅಂಚಿನಲ್ಲಿ ನಿಂತು ನೋಡಿ. ಬೇರುಗಳ ಮೇಲೆ ಕಾಲಿಡಬೇಡಿ.

ಎರಡನೇ ದಿನ ಯಾಣ. ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಇಲ್ಲಿಗೆ ಬರಲು ದಟ್ಟ ಕಾಡಿನಲ್ಲಿ ಮೈಲುಗಟ್ಟಲೆ ನಡೆಯಬೇಕಿತ್ತು. ಈಗ ಶಿರಸಿ ಕಡೆಯಿಂದ ಹತ್ತಿರದವರೆಗೂ ವಾಹನ ಬರುತ್ತದೆ, ಉಳಿದದ್ದು ಸಣ್ಣ ನಡಿಗೆ. ಕಾಲಲ್ಲಿ ಕಸುವಿದ್ದವರು ಕುಮಟಾ ಕಡೆಯ ಕಾಡುದಾರಿಯನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಆಸೆ. ಮರಗಳ ನಡುವೆ ನಡೆಯುತ್ತ ನಡೆಯುತ್ತ ಆ ಕರಿಯ ಶಿಖರ ಒಮ್ಮೆಲೆ ಎದುರು ನಿಲ್ಲುವಾಗ ಆಗುವ ಬೆರಗು ವಾಹನದಿಂದ ಇಳಿದವರಿಗೆ ಅಷ್ಟಾಗಿ ಸಿಗುವುದಿಲ್ಲ.

ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ಭಸ್ಮಾಸುರ ಉರಿದುಹೋದ ಜಾಗವೆಂದೂ ಇಲ್ಲಿನ ಕಪ್ಪು ಮಣ್ಣು ಅವನ ಬೂದಿಯೆಂದೂ ಹಿರಿಯರು ಹೇಳುತ್ತಾರೆ. ಕಲ್ಲಿನ ಕಥೆಯೂ ಅಷ್ಟೇ ದೊಡ್ಡದು. ಇದು ಸುಣ್ಣಕಲ್ಲು. ಸುಣ್ಣಕಲ್ಲು ಹುಟ್ಟುವುದು ನೀರಿನ ತಳದಲ್ಲಿ. ಎಂದರೆ ಈಗ ಅಡಿಕೆ ತೋಟ, ಕಾಡು ಇರುವ ಈ ಎತ್ತರದಲ್ಲಿ 250 ಕೋಟಿ ವರ್ಷಗಳಿಗೂ ಹಿಂದೆ ಕಡಲಿತ್ತು. ತಳದಲ್ಲಿ ಪದರಪದರವಾಗಿ ಕೂತ ಸುಣ್ಣ ಭೂಮಿಯೊಳಗಿನ ಕಾವು, ಒತ್ತಡಗಳಿಗೆ ಸಿಕ್ಕಿ ಹರಳುಗಟ್ಟಿತು, ಮಡಚಿಕೊಂಡಿತು, ಮೇಲೆದ್ದಿತು. ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹ ಎಂದು ಕರೆಯುವ ಬಹು ಪುರಾತನ ಕಲ್ಲುಗಳ ಬಳಗಕ್ಕೆ ಇದು ಸೇರಿದೆ.

ಅಷ್ಟು ಹಳೆಯ ಕಲ್ಲು ಹೀಗೆ ಚೂಪಾಗಿ ನಿಂತದ್ದು ಮಳೆಯಿಂದ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರಾ ದುರ್ಬಲವಾದ ಆಮ್ಲವಾಗುತ್ತದೆ. ಬೇರೆ ಕಲ್ಲಿಗೆ ಅದು ಹೆಚ್ಚೇನೂ ಮಾಡದು, ಸುಣ್ಣಕಲ್ಲನ್ನು ಮಾತ್ರ ಕರಗಿಸುತ್ತದೆ. ಬಿರುಕು ಸಿಕ್ಕಲ್ಲಿ ಒಳನುಗ್ಗಿ, ಬಿರುಕನ್ನು ಸೀಳಾಗಿ, ಸೀಳನ್ನು ಗುಹೆಯಾಗಿ ಅಗಲಿಸುತ್ತದೆ. ಭೈರವೇಶ್ವರನ ಗುಹೆಯೊಳಗೆ ಪ್ರದಕ್ಷಿಣೆ ಬರುವಾಗ ತಲೆಯೆತ್ತಿ ನೋಡಿ: ಗೋಡೆಗಳ ಮೇಲಿನ ಏಣು, ಗೀರು, ಗುಳಿಗಳೆಲ್ಲ ನೀರು ಹರಿದ ಗುರುತುಗಳು. ಲಿಂಗದ ಮೇಲೆ ತೊಟ್ಟಿಕ್ಕುವ ನೀರು ಇಂದಿಗೂ ಅದೇ ಕೆಲಸ ಮಾಡುತ್ತಿದೆ. ಅಲ್ಲಿ ಬರಿಗಾಲಿನಲ್ಲಿ ನಡೆಯಬೇಕಾಗುತ್ತದೆ, ಕಲ್ಲು ಜಾರುತ್ತದೆ. ಹಿರಿಯರಿಗೆ ಕೈಕೊಟ್ಟು ನಡೆಸಿ. ಶಿಖರಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಕೂಗಾಟ, ಸಿಗರೇಟು, ಡ್ರೋನ್ ಬೇಡವೇ ಬೇಡ. ಕಲ್ಲಿನ ಚೂರು ಕೂಡ ಮುರಿದು ತರಬೇಡಿ. ಶಿಖರ ಹತ್ತುವ ಸಾಹಸಕ್ಕೆ ಇದು ಜಾಗವಲ್ಲ, ದೇವಸ್ಥಾನದ ನೆಲ.

ಸಮಯ ಉಳಿದರೆ ಅಂಕೋಲಾ ತಾಲೂಕಿಗೆ ಸೇರಿದ ವಿಭೂತಿ ಜಲಪಾತಕ್ಕೆ ಇಳಿಯಿರಿ. ಎತ್ತರವೇನೂ ಹೆಚ್ಚಿಲ್ಲ. ಆದರೆ ಅಲ್ಲಿಯೂ ಸುಣ್ಣಕಲ್ಲಿನ ನೆಲ ಮುಂದುವರಿದಿರುವುದು ಬಂಡೆಗಳ ಬೂದಿ ಬಣ್ಣದಲ್ಲಿ ಕಾಣುತ್ತದೆ. ಯಾಣದ ಬಳಿಯ ಚಂಡಿಹೊಳೆ ಕೊನೆಗೆ ಅಘನಾಶಿನಿಯನ್ನೇ ಸೇರುತ್ತದೆ.

ಮೂರನೇ ದಿನ ಕೆಳಗೆ, ಕರಾವಳಿಗೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದರೆ ಸುಮಾರು 60 ಕಿಲೋಮೀಟರ್. ರಸ್ತೆ ಕೆಲಸಕ್ಕೆಂದು ಈ ದಾರಿಯನ್ನು ಆಗಾಗ ಮುಚ್ಚಿದ್ದುಂಟು. ಹೊರಡುವ ಮುನ್ನ ಶಿರಸಿ ಬಸ್ ನಿಲ್ದಾಣದಲ್ಲಿ ಒಂದು ಮಾತು ಕೇಳಿದರೆ ಯಾವ ನಕ್ಷೆಗಿಂತಲೂ ನಿಖರವಾದ ಉತ್ತರ ಸಿಗುತ್ತದೆ.

ಕೆಳಗಿಳಿಯುತ್ತಿದ್ದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಕೆಂಪಗಿನ, ಜೇನುಗೂಡಿನಂತೆ ತೂತುತೂತಾದ ಕಲ್ಲು ಎಲ್ಲೆಡೆ: ಚಿರೇಕಲ್ಲು. ಬಿಸಿಲು, ಜೋರು ಮಳೆಗಳ ಸರದಿಯಲ್ಲಿ ಮೂಲ ಕಲ್ಲಿನ ಸಿಲಿಕಾ ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ಉಳಿದು ಗಟ್ಟಿಯಾದದ್ದು ಇದು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಬಿರುಸಾಗುತ್ತದೆ. ಇದರಿಂದ ಏನೆಲ್ಲ ಕಟ್ಟಬಹುದು ಎನ್ನುವುದಕ್ಕೆ ಮಿರ್ಜಾನ ಕೋಟೆಗಿಂತ ಬೇರೆ ಸಾಕ್ಷಿ ಬೇಡ; ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ ಅದು. ಗೋಡೆಯ ಪಾಚಿಯ ಸಂದಿಯಲ್ಲಿ ಕಲ್ಲಿನ ತೂತುಗಳನ್ನು ಹತ್ತಿರದಿಂದ ನೋಡಿ. ನೀರು ಎಷ್ಟು ಸಲೀಸಾಗಿ ಇದರೊಳಗೆ ಇಳಿಯುತ್ತದೆ ಎಂಬುದು ತಿಳಿಯುತ್ತದೆ. ಮುಂದೆ ಗುಡ್ಡ ಕುಸಿತದ ಬಗ್ಗೆ ಹೇಳುವಾಗ ಈ ಮಾತು ಬೇಕಾಗುತ್ತದೆ.

ಕೊನೆಗೆ ಅಳಿವೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ ಮಾನ್ಯತೆ ಸಿಕ್ಕಿತು. ತದಡಿಯ ಬಳಿ ಇಳಿತದ ಹೊತ್ತಿಗೆ ಹೋಗಿ. ಸೊಂಟದವರೆಗಿನ ನೀರಿನಲ್ಲಿ ಬಳಚು (ಚಿಪ್ಪುಮೀನು) ಆಯುವ ಹೆಂಗಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಭತ್ತದ ಗಜನಿ ಗದ್ದೆಗಳು, ಸಾಣಿಕಟ್ಟಾದ ಉಪ್ಪಿನ ಆಗರಗಳು ಎಲ್ಲವೂ ಹತ್ತಿರ ಹತ್ತಿರ. ಘಟ್ಟದಿಂದ ತಂದ ಮಣ್ಣನ್ನು ನದಿ ಇಲ್ಲಿ ಇಳಿಸುತ್ತದೆ, ಇಷ್ಟು ಜೀವನ ನಡೆಯುವುದು ಅದರ ಮೇಲೆಯೇ. ಕೆಲಸದಲ್ಲಿರುವವರ ಫೋಟೊ ತೆಗೆಯುವ ಮುನ್ನ ಕೇಳಿ. ನಡೆಯಲು ಇನ್ನೂ ಉಮೇದಿದ್ದರೆ ಗೋಕರ್ಣದ ಕುಡ್ಲೆಯಿಂದ ಓಂ ಕಡಲತೀರಕ್ಕೆ ಗುಡ್ಡದ ಮೇಲಿನ ಕಾಲುದಾರಿ ಇದೆ. ಬಿಸಿಲೇರುವ ಮೊದಲೇ ಮುಗಿಸಿ.

ಎರಡನೇ ಪ್ರವಾಸಕ್ಕೆ ಕಾಳಿ

ಹುಲಿ, ಮಂಗಟ್ಟೆ, ರ‍್ಯಾಫ್ಟಿಂಗ್ ಎಂದು ಬರುವವರಿಗೆ ಕಾಳಿ ಕಣಿವೆ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ನದಿ ಇದು. ಅಘನಾಶಿನಿಗೆ ತದ್ವಿರುದ್ಧವಾಗಿ ಇದರ ಮೇಲೆ ಸೂಪಾದಿಂದ ಕದ್ರಾವರೆಗೆ ಒಂದರ ಹಿಂದೊಂದು ಅಣೆಕಟ್ಟೆಗಳಿವೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿದೆ. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂದದ್ದು ಆಮೇಲೆ. ಹಿನ್ನೀರು ನೋಡುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಕಾರವಾರದಿಂದ ಹತ್ತುವುದು ಒಳ್ಳೆಯದು. ಸೋಂದೆಯ ಅರಸರು ಕೋಟೆ ಕಟ್ಟಿಸಿದ ಸದಾಶಿವಗಡದ ಗುಡ್ಡದಿಂದ ನದಿ, ಕಡಲು, ಕೂರ್ಮಗಡದ ದ್ವೀಪ ಒಟ್ಟಿಗೇ ಕಾಣುತ್ತವೆ. ಅಲ್ಲಿಂದ ಕದ್ರಾ, ಅಣಶಿ ಘಟ್ಟ, ಕುಂಬಾರವಾಡ, ಜೋಯಿಡಾ, ಗಣೇಶಗುಡಿ, ದಾಂಡೇಲಿ. ಕದ್ರಾ ದಾಟಿದ ಮೇಲೆ ಪೆಟ್ರೋಲ್ ಬಂಕು, ಮೊಬೈಲ್ ಸಿಗ್ನಲ್ ಎರಡನ್ನೂ ನಂಬಬೇಡಿ. ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಮೊದಲೇ ಮೊಬೈಲಿನಲ್ಲಿ ಇಳಿಸಿಕೊಂಡು ಹೊರಡಿ. ಕಾಡಿನ ರಸ್ತೆಯನ್ನು ಹೊತ್ತು ಮುಳುಗುವ ಮೊದಲೇ ದಾಟಿ.

1956ರ ದಾಂಡೇಲಿ ವನ್ಯಜೀವಿ ಧಾಮ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ. ಸಫಾರಿ ಫಣಸೋಲಿ ಕಡೆಯಿಂದ ನಡೆಯುತ್ತದೆ, ಕುಳಗಿಯಲ್ಲಿ ಇಲಾಖೆಯ ಪ್ರಕೃತಿ ಶಿಬಿರವಿದೆ. ಹುಲಿ ಕಾಣಲೇಬೇಕೆಂದು ಬಂದರೆ ನಿರಾಸೆಯಾದೀತು. ಬಂಡೀಪುರದ ಹಾಗೆ ಬಯಲು ಕಾಡಲ್ಲ ಇದು, ಹತ್ತು ಹೆಜ್ಜೆಯಾಚೆ ಏನಿದೆಯೆಂದು ಕಾಣದಷ್ಟು ದಟ್ಟ. ಹಕ್ಕಿಗಳನ್ನು ನೋಡಲು ಬಂದವರಿಗೆ ಮಾತ್ರ ಬರಿಗೈಯ ಮಾತೇ ಇಲ್ಲ. ನಾಲ್ಕು ಜಾತಿಯ ಮಂಗಟ್ಟೆಗಳು ಇಲ್ಲಿವೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆ ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಹಳೆಯ ಕಟ್ಟಡ ಈಗ ಜಂಗಲ್ ಲಾಡ್ಜಸ್‌ನ ವಸತಿ; ಅದರ ಅಂಗಳದಲ್ಲಿ ಹಕ್ಕಿಗಳಿಗೆಂದು ಇಟ್ಟ ನೀರಿನ ಬಳಿ ಸುಮ್ಮನೆ ಕುಳಿತರೆ ಸಾಕು.

ಕಲ್ಲಿನ ಆಸಕ್ತಿಯವರು ಉಳವಿ ದಾರಿಯ ಸಿಂಥೇರಿ ರಾಕ್ಸ್ ಬಿಡಬಾರದು. ಸುಮಾರು 300 ಅಡಿ ಎತ್ತರದ ಬಂಡೆಗೋಡೆ, ಬುಡದಲ್ಲಿ ಕಾನೇರಿ ಹೊಳೆ ಕೊರೆದ ಪೊಟರೆಗಳು, ಮೇಲೆ ಹೆಜ್ಜೇನು. ನೀರಿಗಿಳಿಯಬೇಡಿ, ಸುಳಿಗಳು ಮೇಲಿನಿಂದ ಕಾಣುವುದಿಲ್ಲ. ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕವಳಾ ಗುಹೆಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನೆಲದಿಂದ ಬೆಳೆದ ಕಂಬವನ್ನೇ ಶಿವಲಿಂಗವೆಂದು ಪೂಜಿಸುತ್ತಾರೆ. ಯಾಣದಲ್ಲಿ ನೀರು ಕರಗಿಸಿದ ಸುಣ್ಣವನ್ನು ನೋಡಿದವರು, ಕರಗಿದ ಸುಣ್ಣ ಮತ್ತೆ ಕಲ್ಲಾಗುವುದನ್ನು ಇಲ್ಲಿ ನೋಡಬಹುದು. ಶಿವರಾತ್ರಿಗೆ ಭಕ್ತರು ಸೇರುತ್ತಾರೆ. ಬೇರೆ ದಿನಗಳಲ್ಲಿ ಹೋಗಬಹುದೇ ಎಂದು ಅರಣ್ಯ ಇಲಾಖೆಯನ್ನು ಕೇಳಿಯೇ ಹೊರಡಿ.

ರ‍್ಯಾಫ್ಟಿಂಗ್ ನಡೆಯುವುದು ಸೂಪಾದಿಂದ ವಿದ್ಯುತ್ತಿಗಾಗಿ ಬಿಟ್ಟ ನೀರಿನ ಮೇಲೆ. ಹಾಗಾಗಿ ನೀರು ಯಾವಾಗ ಬಿಡುತ್ತಾರೆ ಎಂಬುದನ್ನು ಮುಂಚಿನ ದಿನವೇ ವಿಚಾರಿಸಬೇಕು. ಮಳೆಗಾಲದಲ್ಲಿ ಇರುವುದಿಲ್ಲ. ಪರವಾನಗಿ ಇರುವವರ ಬಳಿಯೇ ಹೋಗಿ. ಲೈಫ್ ಜಾಕೆಟ್ ನಿಮ್ಮ ಮೈಗೆ ಬಿಗಿಯಾಗಿ ಕೂರದಿದ್ದರೆ ಬೇರೆಯದನ್ನು ಕೇಳಿ, ಕೊಡದಿದ್ದರೆ ಹತ್ತಬೇಡಿ. ಜನ ಹೆಚ್ಚಿದ್ದ ದೋಣಿಗೆ ಒತ್ತಿ ಕೂರಿಸುವವರ ಬಳಿ ಸಂಕೋಚ ಬೇಡ, ಇಳಿದುಬಿಡಿ.

ಅನುಮತಿ, ಸಾಮಾನು

ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಿ. ಪಟ್ಟಿಯಲ್ಲಿ ಇಲ್ಲದ ದಾರಿಗೆ ಹತ್ತಿರದ ವಲಯ ಅರಣ್ಯ ಕಚೇರಿಯನ್ನು ಕೇಳಬೇಕು. ರೈಲು ಹಳಿಯ ಮೇಲೆ ಕ್ಯಾಸಲ್‌ರಾಕ್‌ನಿಂದ ದೂಧಸಾಗರ ಜಲಪಾತಕ್ಕೆ ನಡೆಯುವ ಹಳೆಯ ಅಭ್ಯಾಸಕ್ಕೆ ಈಗ ನಿಷೇಧವಿದೆ. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ ನಿಲ್ದಾಣಗಳಿವೆ.

ಹಿಡಿತವಿರುವ ಬೂಟು, ಉದ್ದ ಕಾಲುಚೀಲ, ತೋಳು ಮುಚ್ಚುವ ಅಂಗಿ, ಟಾರ್ಚ್, ನೀರು, ಒಣಬಟ್ಟೆ. ಮಳೆ ಮುಗಿದ ಹೊಸತರಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ. ಉಪ್ಪು ಅಥವಾ ಸುಣ್ಣದ ಪುಟ್ಟ ಗಂಟು ಜೇಬಿನಲ್ಲಿರಲಿ, ಕಿತ್ತು ಎಳೆಯಬೇಡಿ. ತೋಟದ ಮನೆಗಳಲ್ಲಿ ಉಳಿಯುವವರು ಊಟದ ಹೊತ್ತನ್ನು ಮೊದಲೇ ತಿಳಿಸಿ. ಅಪ್ಪೆಹುಳಿ, ತಂಬುಳಿ ಆಗಿಂದಾಗ ಸಿದ್ಧವಾಗುವಂಥವು, ಅವು ಬಡಿಸಿದ ಹೊತ್ತಿಗೇ ರುಚಿ.

ಎರಡು ಅಪಾಯಗಳು

ಒಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಸಿದ್ದಾಪುರ ಭಾಗದಲ್ಲಿ ಇಂದಿಗೂ ಜೀವ ತೆಗೆಯುತ್ತಿದೆ. ಹರಡುವುದು ಉಣುಗಿನ ಕಡಿತದಿಂದ, ಅದರಲ್ಲೂ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಕಾಡಿಗೆ ಹೋಗುವ ಮುನ್ನ ಉಣುಗನ್ನು ದೂರವಿಡುವ ಡೇಪಾ ತೈಲ ಹಚ್ಚಿಕೊಳ್ಳಿ, ತರಗೆಲೆಗಳ ಮೇಲೆ ಕೂರಬೇಡಿ, ಮರಳಿ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯಿರಿ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಹೋದ ಒಂದೆರಡು ವಾರಗಳೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಇಲ್ಲಿನ ಕಾಡಿಗೆ ಹೋಗಿದ್ದಿರೆಂದು ವೈದ್ಯರಿಗೆ ತಪ್ಪದೆ ಹೇಳಿ. ಬೆಂಗಳೂರಿನ ವೈದ್ಯರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.

ಇನ್ನೊಂದು, ಗುಡ್ಡ ಕುಸಿತ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡ, 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಶಿರೂರಿನಲ್ಲಿ ಹೆದ್ದಾರಿಯ ಪಕ್ಕ ಚಹಾ ಕುಡಿಯಲು ನಿಂತವರ ಮೇಲೆಯೇ ಗುಡ್ಡ ಬಿದ್ದು ಗಂಗಾವಳಿಗೆ ನೂಕಿತು. ಆ ನೋವು ಈ ಜಿಲ್ಲೆಯಲ್ಲಿ ಇನ್ನೂ ಹಸಿಯಾಗಿದೆ. ತೂತುತೂತಾದ ಚಿರೇಕಲ್ಲು, ಅದರ ಕೆಳಗೆ ಜೇಡಿಮಣ್ಣು, ಅದರಡಿ ಗಟ್ಟಿ ಬಂಡೆ ಎಂಬ ಜೋಡಣೆ ಕರಾವಳಿಯ ಗುಡ್ಡಗಳಲ್ಲಿ ಸಾಮಾನ್ಯ. ದಿನಗಟ್ಟಲೆ ಮಳೆ ಸುರಿದರೆ ನೀರು ಕೆಳಗಿಳಿದು ಜೇಡಿಯಲ್ಲಿ ನಿಲ್ಲುತ್ತದೆ, ಮೇಲಿನ ಪದರ ಭಾರವಾಗಿ ಜಾರುತ್ತದೆ. ರಸ್ತೆಗಾಗಿ ಗುಡ್ಡದ ಬುಡ ಕಡಿದಲ್ಲಿ ಊರುಗೋಲೂ ಇರುವುದಿಲ್ಲ.

ಆದ್ದರಿಂದ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಘಟ್ಟ ಹತ್ತಬೇಡಿ, ಇಳಿಯಲೂ ಬೇಡಿ. ಹೋಟೆಲಿನ ಮುಂಗಡ ಹೋದರೆ ಹೋಗಲಿ. ಕಡಿದ ಗುಡ್ಡದ ಬುಡದಲ್ಲಿ ವಾಹನ ನಿಲ್ಲಿಸಬೇಡಿ. ರಸ್ತೆಯಲ್ಲಿ ಹೊಸ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆ ಒಮ್ಮೆಲೆ ಕೆಂಪಾಗುವುದು ಕಂಡರೆ ಹಿಂದಿರುಗಿ ಬಂದು ಹತ್ತಿರದ ಊರಿನವರಿಗೆ ತಿಳಿಸಿ, 112ಕ್ಕೆ ಕರೆ ಮಾಡಿ. ಜಲಪಾತದ ಬುಡದಲ್ಲಿಯೂ ಇದೇ ಎಚ್ಚರ: ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆಯಾಗಿರಬಹುದು. ನೀರಿನ ಬಣ್ಣ ಬದಲಾದರೆ, ಎಲೆ ಕಡ್ಡಿ ತೇಲಿ ಬಂದರೆ ತಕ್ಷಣ ದಡ ಹತ್ತಿ.

ಉಳಿದ ಎರಡು ನದಿಗಳು

ಬೇಡ್ತಿಗೆ ಯಲ್ಲಾಪುರದಲ್ಲಿ ಉಳಿಯಿರಿ. ಎರಡು ಹಂತದಲ್ಲಿ ಇಳಿಯುವ ಮಾಗೋಡು ಜಲಪಾತ, ಸಂಜೆಗೆ ಜೇನುಕಲ್ಲು ಗುಡ್ಡ. ಸಾತೊಡ್ಡಿಯನ್ನು ಇದರ ಜೊತೆಗೇ ನೋಡುವವರಿದ್ದಾರೆ, ಆದರೆ ಅದರ ನೀರು ಸೇರುವುದು ಕಾಳಿಗೆ. ಶರಾವತಿಗೆ ಜೋಗವನ್ನು ಸಿದ್ದಾಪುರ ತಾಲೂಕಿನ ದಡದಿಂದಲೂ ನೋಡಿ. 253 ಮೀಟರ್ ಎತ್ತರದ ಆ ಗೋಡೆಯಲ್ಲಿ ಎಷ್ಟು ನೀರು ಬೀಳುತ್ತದೆ ಎಂಬುದು ಲಿಂಗನಮಕ್ಕಿ ಅಣೆಕಟ್ಟೆಯನ್ನು ಅವಲಂಬಿಸಿದೆ. ಅಲ್ಲಿಂದ ಗೇರುಸೊಪ್ಪೆಯ ಮೂಲಕ ಹೊನ್ನಾವರಕ್ಕೆ ಇಳಿದರೆ ಅಪ್ಸರಕೊಂಡ, ಮತ್ತು ಕಾಂಡ್ಲಾ ಕಾಡಿನ ನಡುವೆ ಹಾಕಿದ ಹಲಗೆಯ ಕಾಲುದಾರಿ. ಹೆಚ್ಚು ನಡೆಯಲಾಗದ ಹಿರಿಯರನ್ನು ಕರೆತರುವವರು ಶರಾವತಿಯನ್ನೇ ಆರಿಸಿಕೊಳ್ಳಿ. ಏರಿಳಿತ ಕಡಿಮೆ, ಬಹುತೇಕ ಎಲ್ಲವನ್ನೂ ರಸ್ತೆಯ ಹತ್ತಿರದಿಂದಲೇ ನೋಡಬಹುದು.